ದೊಡ್ಡಣ್ಣನ ಕಚೇರಿಯೂ ಕಚೇರಿಯೇ

ಜಾರ್ಜ್ ಲೂಕಾಸ್ ‘ಸ್ಟಾರ್ ವಾರ್ಸ್’ ತೆಗೆದು ಕುಬೇರನಾಗುವುದಕ್ಕೆ ಆರು ವರ್ಷ ಮೊದಲು, 1971ರಲ್ಲಿ, ‘ಟಿಎಚ್‌ಎಕ್ಸ್ 1138’ ಅಂತ ಒಂದು ಸಿನಿಮಾ ತೆಗೆದಿದ್ದ. ಹೆಸರು ನೋಡಿ ಯಾವುದೋ ಲಾರಿಯ ನಂಬರ್ ಪ್ಲೇಟು ಅಂದುಕೊಳ್ಳಬೇಡಿ, ಅದು ಕಥಾನಾಯಕನ ಹೆಸರು. ನೆಲದಡಿಯಲ್ಲಿ ಒಂದು ಊರು. ಗಂಡಸು ಹೆಂಗಸು ಅನ್ನದೆ ಎಲ್ಲರ ತಲೆಯೂ ಬೋಳು, ಎಲ್ಲರಿಗೂ ಬಿಳಿ ಬಟ್ಟೆ, ಎಲ್ಲೆಲ್ಲೂ ಕ್ಯಾಮೆರಾ. ಸರ್ಕಾರ ಕೊಟ್ಟ ಮಾತ್ರೆ ನುಂಗದಿದ್ದರೆ ಅಪರಾಧ. ನುಂಗದೆ ಬಿಟ್ಟವರಿಗೆ ಪ್ರೀತಿ ಹುಟ್ಟಿಬಿಡುತ್ತದೆ, ಅದು ಇನ್ನೂ ದೊಡ್ಡ ಅಪರಾಧ. ನಮ್ಮ ನಾಯಕ ಎರಡನ್ನೂ ಮಾಡಿ ಸಿಕ್ಕಿಬೀಳುತ್ತಾನೆ, ತಪ್ಪಿಸಿಕೊಳ್ಳುತ್ತಾನೆ, ಕಾರಿನಲ್ಲಿ ಓಡುತ್ತಾನೆ, ಕಾರು ಹೋದ ಮೇಲೆ ಕಾಲಲ್ಲಿ ಓಡುತ್ತಾನೆ. ಕೊನೆಗೆ ಭೂಮಿಯ ಮೇಲಕ್ಕೆ ಹೋಗುವ ಉದ್ದನೆಯ ಏಣಿ ಹತ್ತುವಾಗ ಬೆನ್ನ ಹಿಂದೆಯೇ ಫಳಫಳ ಹೊಳೆಯುವ ಲೋಹದ ಮುಖದ ಯಂತ್ರಪೊಲೀಸರು. ಇನ್ನೇನು ಸಿಕ್ಕೇಬಿಟ್ಟ ಅನ್ನುವಾಗ ಕೇಂದ್ರ ಕಚೇರಿಯಿಂದ ಆದೇಶ ಬರುತ್ತದೆ: ಈ ಪ್ರಕರಣಕ್ಕೆ ಮಂಜೂರಾದ ಮೊತ್ತಕ್ಕಿಂತ ಶೇ 6ರಷ್ಟು ಹೆಚ್ಚಿಗೆ ಖರ್ಚಾಗಿದೆ, ಕಾರ್ಯಾಚರಣೆ ನಿಲ್ಲಿಸಿ ವಾಪಸು ಬನ್ನಿ. ಪೊಲೀಸರು ವಿಧೇಯರಾಗಿ ಇಳಿದು ಹೋಗುತ್ತಾರೆ. ನಾಯಕ ಮೇಲೆ ಹೋಗಿ ಸೂರ್ಯನನ್ನು ನೋಡುತ್ತಾನೆ.

ಸಿನಿಮಾದ ನಾಯಕರು ಪಾರಾಗುವುದಕ್ಕೆ ನೂರು ದಾರಿ ಇದೆ. ತೋಳ್ಬಲ, ಬುದ್ಧಿ, ನಾಯಕಿಯ ಕಣ್ಣೀರು, ತಾಯಿಯ ಹರಕೆ. ಲೆಕ್ಕಪತ್ರ ಶಾಖೆಯ ಕೃಪೆಯಿಂದ ಪಾರಾದವನು ಇವನೊಬ್ಬನೇ ಇರಬೇಕು.

ಕಣ್ಗಾವಲಿನ ಸಿನಿಮಾ ಅಂದ ಕೂಡಲೇ ಜನ ಆ ಕಣ್ಣಿನ ಬಗ್ಗೆ ಮಾತಾಡುತ್ತಾರೆ. ಗೋಡೆಯ ಮೇಲೆ ದೊಡ್ಡ ಮುಖ, ಬೀದಿ ತುಂಬ ಕ್ಯಾಮೆರಾ, ಎಲ್ಲಿ ಹೋದರೂ ಬಿಡದ ಪ್ರಭುತ್ವ, ಅಯ್ಯೋ ಮನುಷ್ಯನ ಸ್ವಾತಂತ್ರ್ಯವೇ! ನಾನೂ ಹಾಗೇ ಮಾತಾಡಿಕೊಂಡಿದ್ದೆ. ಆಮೇಲೆ ಇಂಥ ಸಿನಿಮಾಗಳನ್ನು ನನ್ನ ಸೋದರಮಾವನ ಜೊತೆ ಕೂತು ನೋಡುವ ಯೋಗ ಬಂತು. ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅವರಿಗೆ ಸಿನಿಮಾದ ಕಣ್ಣು ಕಾಣುವುದೇ ಇಲ್ಲ. ಕಣ್ಣಿನ ಹಿಂದಿನ ಟೇಬಲ್ಲು, ಟೇಬಲ್ಲಿನ ಹಿಂದಿನ ಗುಮಾಸ್ತ, ಗುಮಾಸ್ತನ ಮುಂದಿನ ಕಡತ ಇವಿಷ್ಟೇ ಕಾಣುತ್ತವೆ. ಲೂಕಾಸನ ನಾಯಕ ಸೂರ್ಯನನ್ನು ನೋಡುತ್ತಿದ್ದರೆ ಮಾವ ಕನ್ನಡಕ ತೆಗೆದು ಒರೆಸುತ್ತ, “ಅಲ್ಲ ಕಣೋ, ಬರೀ ಆರು ಪರ್ಸೆಂಟಿಗೆ ಕೈಬಿಟ್ರಾ? ಪೂರಕ ಅಂದಾಜು ಅಂತ ಒಂದು ಪ್ರಸ್ತಾವನೆ ಕಳಿಸಿದ್ರೆ ಆಗ್ತಿತ್ತಲ್ಲ” ಅಂದರು. ಸರ್ವಾಧಿಕಾರದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಮೂಲಭೂತವಾದ ಆಕ್ಷೇಪಣೆ ನೋಡಿಲ್ಲ.

ಅದೇ ಸಿನಿಮಾದಲ್ಲಿ ಇನ್ನೊಂದು ದೃಶ್ಯವಿದೆ. ನಾಯಕನ ಮೈಯನ್ನು ದೂರದಿಂದ ಯಂತ್ರದ ಮೂಲಕ ಆಡಿಸುತ್ತಿದ್ದಾರೆ, ಅವನು ನೆಲದ ಮೇಲೆ ಸೊಟ್ಟಗಾಗಿ ಸೆಟೆದು ಒದ್ದಾಡುತ್ತಿದ್ದಾನೆ. ನಮಗೆ ಕೇಳಿಸುವುದು ಇಬ್ಬರು ನೌಕರರ ಮಾತು. ಒಬ್ಬ ಹಳಬ, ಇನ್ನೊಬ್ಬ ಕಲಿಯುತ್ತಿರುವವನು. ಈ ಗುಂಡಿ ಏನಕ್ಕೆ, ಆ ಮುಳ್ಳು ಎಷ್ಟರಲ್ಲಿರಬೇಕು, ಹೀಗೆ ತಿರುಗಿಸಿದರೆ ಏನಾಗುತ್ತದೆ ಅಂತ ಆರಾಮಾಗಿ ಪಾಠ ನಡೆದಿದೆ. ಇಬ್ಬರಿಗೂ ಆ ಮನುಷ್ಯನ ಮೇಲೆ ದ್ವೇಷವಿಲ್ಲ, ಅವನು ಅಲ್ಲಿದ್ದಾನೆ ಅನ್ನುವ ಗಮನವೂ ಇಲ್ಲ. ಚಿತ್ರಹಿಂಸೆಯನ್ನು ಕೊಡುವವನು ಮೀಸೆ ತಿರುವುತ್ತ ನಗಬೇಕು ಅಂತ ನಮ್ಮ ಸಿನಿಮಾಗಳು ಕಲಿಸಿಕೊಟ್ಟಿವೆ. ತರಬೇತಿ ಅವಧಿಯ ನೌಕರನೊಬ್ಬ ಗುಂಡಿ ಕಲಿಯುತ್ತಿದ್ದಾನೆ ಅನ್ನುವುದು ಅದಕ್ಕಿಂತ ಎಷ್ಟೋ ಭಯಂಕರ.

ಈ ಜಾತಿಯ ಸಿನಿಮಾಗಳಿಗೆಲ್ಲ ಮುತ್ತಜ್ಜ ಅಂದರೆ ಜರ್ಮನಿಯ ‘ಮೆಟ್ರೊಪೊಲಿಸ್’. ಫ್ರಿಟ್ಸ್ ಲಾಂಗ್ ತೆಗೆದದ್ದು, 1927ರಲ್ಲಿ ಬಂದದ್ದು, ಮೂಕಿ. ಊರಿನ ಒಡೆಯ ಫ್ರೆಡರ್ಸನ್ ಗೋಪುರದ ತುದಿಯಲ್ಲಿ ಕೂತಿದ್ದಾನೆ. ಅವನ ಗೋಡೆಯಲ್ಲಿ ಒಂದು ಉಪಕರಣ ಇದೆ, ಕೆಳಗಿನ ಯಂತ್ರಶಾಲೆಯ ಮೇಸ್ತ್ರಿಯ ಮುಖ ನೋಡುತ್ತ ಮಾತಾಡಬಹುದು. ಅಂದರೆ ವಿಡಿಯೋ ಕಾಲು, ಸುಮಾರು ನೂರು ವರ್ಷದ ಹಿಂದೆ. ಎಲ್ಲರೂ ಇದನ್ನು ಮೆಚ್ಚುತ್ತಾರೆ. ಮಾವನಿಗೆ ಹಿಡಿಸಿದ್ದು ಬೇರೆ. ಯಂತ್ರಶಾಲೆಯಲ್ಲಿ ಅಪಘಾತವಾಗಿ ಕೂಲಿಗಳು ಸಾಯುತ್ತಾರೆ. ಆ ಸುದ್ದಿ ಒಡೆಯನಿಗೆ ಮೊದಲು ತಲುಪುವುದು ಮಗನ ಬಾಯಿಂದ. ಕೂಲಿಗಳ ಜೇಬಿನಲ್ಲಿ ಸಿಕ್ಕ ಗುಟ್ಟಿನ ನಕ್ಷೆಗಳನ್ನು ಮೇಲಕ್ಕೆ ತಂದುಕೊಡುವವನು ಮೇಸ್ತ್ರಿ. ಒಡೆಯನಿಗೆ ಸಿಟ್ಟು ಬರುತ್ತದೆ, ಸತ್ತವರ ಬಗ್ಗೆ ಅಲ್ಲ. ಇವೆರಡನ್ನೂ ತನ್ನ ಕಾರ್ಯದರ್ಶಿ ಯಾಕೆ ಮೊದಲು ತಿಳಿಸಲಿಲ್ಲ ಅಂತ. ಕಾರ್ಯದರ್ಶಿಯನ್ನು ನಿಂತ ಕಾಲಲ್ಲಿ ಕೆಲಸದಿಂದ ತೆಗೆದುಹಾಕುತ್ತಾನೆ.

“ಸರಿಯಾಗೇ ಮಾಡಿದ. ಸಾಹೇಬರಿಗೆ ವಿಷಯ ಹೊರಗಿಂದ ಗೊತ್ತಾಗಬಾರದು. ನಮ್ಮಲ್ಲೂ ಅದೇ ಪದ್ಧತಿ” ಅಂದರು ಮಾವ. ಕಾರ್ಯದರ್ಶಿಯ ಪರ ವಹಿಸಿ ನಾನು ಏನೋ ಹೇಳಹೋದೆ. “ನೀನು ಯಾವತ್ತೂ ಇನ್ವರ್ಡ್ ರಿಜಿಸ್ಟರ್ ಬರೆದವನಲ್ಲ, ಸುಮ್ಮನಿರು” ಅಂದುಬಿಟ್ಟರು.

ಗಮನಿಸಿ, ಗೋಪುರವಿದೆ, ಗೋಡೆಯಲ್ಲಿ ಕಣ್ಣಿದೆ, ಮಗನ ಹಿಂದೆ ಬಿಡಲಿಕ್ಕೆ ಒಬ್ಬ ತೆಳ್ಳಗಿನ ಗೂಢಚಾರನೂ ಇದ್ದಾನೆ. ಇಷ್ಟಿದ್ದೂ ತನ್ನ ಕಾಲಡಿಯಲ್ಲಿ ನಡೆದದ್ದು ಒಡೆಯನಿಗೆ ಗೊತ್ತಿಲ್ಲ. ಒಂಬತ್ತು ವರ್ಷದ ಮೇಲೆ ಚಾಪ್ಲಿನ್ ‘ಮಾಡರ್ನ್ ಟೈಮ್ಸ್’ನಲ್ಲಿ ಇದನ್ನೇ ತಮಾಷೆ ಮಾಡಿದ. ಅದು ವೈಜ್ಞಾನಿಕ ಕಥೆ ಅಲ್ಲ ಅಂತ ತಕರಾರು ತೆಗೆಯುವವರು ತೆಗೆಯಲಿ. ಚಾಪ್ಲಿನ್ ಪಾಪ ಒಂದು ಬೀಡಿ ಸೇದೋಣ ಅಂತ ಕಾರ್ಖಾನೆಯ ಬಚ್ಚಲಿಗೆ ಹೋದರೆ ಅಲ್ಲಿನ ಗೋಡೆಯ ತುಂಬ ಯಜಮಾನನ ಮುಖ ಮೂಡಿ ‘ಏಳು, ಕೆಲಸಕ್ಕೆ ನಡಿ’ ಅಂತ ಗದರುತ್ತದೆ. ಅದೇ ಯಜಮಾನ ತನ್ನ ಕೋಣೆಯಲ್ಲಿ ಏನು ಮಾಡುತ್ತಿದ್ದ? ಚೂರು ಜೋಡಿಸುವ ಚಿತ್ರದ ಆಟ ಆಡುತ್ತಿದ್ದ. ಅದು ಬೇಜಾರಾಗಿ ಪೇಪರಿನ ಚಿತ್ರಕಥೆ ಓದುತ್ತಿದ್ದ. ಕಾಯುವವನನ್ನು ಕಾಯುವವರಿಲ್ಲ ಅಂತ ಇಷ್ಟು ಸುಲಭವಾಗಿ ತೋರಿಸಿದ ಸಿನಿಮಾ ಆಮೇಲೂ ಬಂದಿಲ್ಲ.

ಈಗ ಎಲ್ಲರನ್ನೂ ಕಾಯುವ ದೊಡ್ಡಣ್ಣನ, ಅಂದರೆ ‘ಬಿಗ್ ಬ್ರದರ್’ನ ಸರದಿ. ಅವನು ಹುಟ್ಟಿದ, ಜಾರ್ಜ್ ಆರ್ವೆಲ್ಲನ ‘ನೈನ್ಟೀನ್ ಎಯ್ಟಿಫೋರ್’ ಕಾದಂಬರಿ 1949ರದು. ಅದನ್ನು ಮೈಕೆಲ್ ರ್‍ಯಾಡ್‌ಫರ್ಡ್ ಸರಿಯಾಗಿ 1984ರಲ್ಲೇ ಸಿನಿಮಾ ಮಾಡಿದ, ಕಥೆ ನಡೆಯುವ ತಿಂಗಳುಗಳಲ್ಲೇ ಲಂಡನ್ನಿನಲ್ಲಿ ಚಿತ್ರೀಕರಿಸಿದ. ಜಾನ್ ಹರ್ಟ್ ನಾಯಕ ವಿನ್‌ಸ್ಟನ್. ಅವನನ್ನು ಹಿಂಡುವ ಮೇಲಧಿಕಾರಿ ಓಬ್ರಿಯನ್ ಆಗಿ ರಿಚರ್ಡ್ ಬರ್ಟನ್, ಅದೇ ಅವನ ಕೊನೆಯ ಸಿನಿಮಾ. ಕಥೆ ನಿಮಗೆ ಗೊತ್ತು, ಓದದವರಿಗೂ ಗೊತ್ತು. ಓದದೆಯೇ ಉದಾಹರಿಸಬಹುದಾದ ಕಾದಂಬರಿಗಳಲ್ಲಿ ಅದಕ್ಕೆ ಮೊದಲ ಸ್ಥಾನ. ಆದರೆ ವಿನ್‌ಸ್ಟನ್ ಯಾರು ಅನ್ನುವುದನ್ನು ಜನ ಮರೆತುಬಿಡುತ್ತಾರೆ. ಅವನು ಕ್ರಾಂತಿಕಾರಿ ಅಲ್ಲ, ದಾಖಲೆ ಶಾಖೆಯ ಗುಮಾಸ್ತ. ಹಳೆಯ ಪತ್ರಿಕೆಗಳನ್ನು ಇವತ್ತಿನ ಸುತ್ತೋಲೆಗೆ ಸರಿಹೊಂದುವಂತೆ ತಿದ್ದಿ, ಹಳೆಯದನ್ನು ಸುಡುವ ಕೊಳವೆಗೆ ಹಾಕುವುದು ಅವನ ಕೆಲಸ. ಮಾವ ಇದನ್ನು ನೋಡಿ ಗಾಬರಿಯಾದರು. ಪ್ರಭುತ್ವದ ಕ್ರೌರ್ಯಕ್ಕಲ್ಲ. “ಮೂಲ ದಾಖಲೆಯನ್ನೇ ತಿದ್ದೋದೇ? ದೃಢೀಕರಿಸದೆ? ಇನಿಷಿಯಲ್ ಹಾಕದೆ?”

ಕಾದಂಬರಿಯಲ್ಲಿ ಒಂದು ಮಾತು ಬರುತ್ತದೆ: ಓಬ್ರಿಯನ್ ಏಳು ವರ್ಷದಿಂದ ವಿನ್‌ಸ್ಟನ್ನನ ಮೇಲೆ ಕಣ್ಣಿಟ್ಟಿದ್ದ. ಕೇಳುವವರ ಮೈ ಝುಂ ಅನ್ನಬೇಕು ಅಂತಲೇ ಬರೆದದ್ದು. ನಾನು ಅದನ್ನು ಆದಷ್ಟು ನಾಟಕೀಯವಾಗಿ ಹೇಳಿದೆ. ಮಾವ ಒಂದು ಗಳಿಗೆ ಯೋಚಿಸಿ, “ಏಳು ವರ್ಷ ಒಂದೇ ಸೆಕ್ಷನ್ನಿನಲ್ಲಾ? ವರ್ಗಾವಣೆ ಆಗಲಿಲ್ವಾ?” ಅಂದರು. ಅದಲ್ಲದೆ ಅಷ್ಟು ದೊಡ್ಡ ಅಧಿಕಾರಿ ಒಬ್ಬ ಗುಮಾಸ್ತನನ್ನು ಕೂರಿಸಿಕೊಂಡು ದಿನಗಟ್ಟಲೆ ಮಾತಾಡುವುದು ಅವರಿಗೆ ಪುರಾಣದ ಸಂಗತಿಯಾಗಿ ಕಂಡಿತು. “ನನ್ನ ಸರ್ವೀಸಲ್ಲಿ ಡಿ.ಸಿ. ಸಾಹೇಬರು ನನ್ನ ಮುಖ ನೋಡಿ ಮಾತಾಡಿದ್ದು ಬೀಳ್ಕೊಡುಗೆ ದಿವಸ. ಅವತ್ತೂ ಹೆಸರು ತಪ್ಪು ಹೇಳಿದ್ರು.”

ಆರ್ವೆಲ್ಲನಿಗೆ ಕಚೇರಿ ಅಂದರೆ ಏನು ಅಂತ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಅವನು ಹುಟ್ಟಿದ್ದು 1903ರಲ್ಲಿ, ನಮ್ಮ ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಬೆಳೆದ ಮೇಲೆ ತಾನೇ ಬರ್ಮಾದಲ್ಲಿ ಐದು ವರ್ಷ ಪೊಲೀಸ್ ಅಧಿಕಾರಿಯಾಗಿದ್ದ. ಯುದ್ಧಕಾಲದಲ್ಲಿ, 1941ರಿಂದ 1943ರವರೆಗೆ, ಬಿಬಿಸಿಯ ಪೌರಸ್ತ್ಯ ವಿಭಾಗದಲ್ಲಿ ಭಾರತಕ್ಕೆ ಹೋಗುವ ಭಾಷಣಗಳನ್ನು ಸಿದ್ಧಪಡಿಸುತ್ತ, ಪ್ರತಿಯೊಂದನ್ನೂ ಸೆನ್ಸಾರಿನ ಕೈಗೆ ಒಪ್ಪಿಸುತ್ತ ಇದ್ದ. ಈ ವಂಶಾವಳಿ ಕೇಳಿದ ಮೇಲೆ ಮಾವನಿಗೆ ಅವನ ಮೇಲೆ ಇದ್ದ ಅಪನಂಬಿಕೆ ಹೋಗಿ “ಹಾಗಾದ್ರೆ ನಮ್ಮವನೇ” ಅಂತ ಒಪ್ಪಿಕೊಂಡರು. ನನಗನ್ನಿಸುವುದು ಬೇರೆ. ಆರ್ವೆಲ್ ಕಚೇರಿಯನ್ನು ಚೆನ್ನಾಗಿ ಬಲ್ಲವನಾದ್ದರಿಂದಲೇ, ಎಂದೂ ಎಡವದ ಕಚೇರಿಯೊಂದಿದ್ದರೆ ಹೇಗೆ ಅಂತ ಊಹಿಸಿ ನಡುಗಿದ. ಅವನ ಕಾದಂಬರಿಯಲ್ಲೂ ಬಡ ಕೂಲಿಜನರ ಹೆಚ್ಚಿನ ಮನೆಗಳಲ್ಲಿ, ಮನೆಯವರನ್ನೇ ನೋಡುತ್ತಿರುವ ಪರದೆಯಾದ ಟೆಲಿಸ್ಕ್ರೀನ್ ಇಲ್ಲ ಅನ್ನುವುದನ್ನು ನೆನಪಿಡಿ. ಅಷ್ಟು ಜನರನ್ನು ಕಾಯುವುದು ದೊಡ್ಡಣ್ಣನಿಗೂ ಅನವಶ್ಯಕ ವೆಚ್ಚವೇ.

ಪ್ಯಾರಿಸ್ಸಿನ ಗೊದಾರ್ ಅಂತೂ ವೆಚ್ಚದ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದ. 1965ರ ‘ಆಲ್ಫಾವಿಲ್’ನಲ್ಲಿ ಕಂಪ್ಯೂಟರು ಆಳುವ ಭವಿಷ್ಯದ ನಗರ ತೋರಿಸಬೇಕಿತ್ತು, ಸೆಟ್ಟು ಹಾಕಲೇ ಇಲ್ಲ. ರಾತ್ರಿ ಹೊತ್ತು ಪ್ಯಾರಿಸ್ಸಿನ ಹೊಸ ಗಾಜಿನ ಕಟ್ಟಡಗಳು, ಮೆಟ್ಟಿಲು, ಉದ್ದುದ್ದ ಕಾರಿಡಾರು, ಇಷ್ಟನ್ನೇ ತೆಗೆದ. ಹೆಂಡತಿ ಸತ್ತಳು ಅಂತ ಅತ್ತವನಿಗೆ ಆ ಊರಲ್ಲಿ ಮರಣದಂಡನೆ. ಅಂಥ ಊರಿಗೆ ಬೇರೆ ಸೆಟ್ಟೇ ಬೇಡ, ಕಾರಿಡಾರು ಸಾಕು ಅಂತ ಗೊದಾರನಿಗೆ ಹೊಳೆದದ್ದು ದೊಡ್ಡ ವಿಷಯ.

ಆದರೆ ಮಾವ ಎದ್ದು ಕೂತು ನೋಡಿದ ಸಿನಿಮಾ ಟೆರ್ರಿ ಗಿಲಿಯಮ್ಮನ ‘ಬ್ರೆಜಿಲ್’. 1985ರದು. ಬ್ರೆಜಿಲ್ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ, ಒಂದು ಹಳೆಯ ಹಾಡಿನ ಹೆಸರು. ಇದರಲ್ಲಿ ದೊಡ್ಡಣ್ಣನೇ ಇಲ್ಲ. ಭೂತಕನ್ನಡಿ ಹಿಡಿದು ಹುಡುಕಿದರೂ ಒಬ್ಬ ಸರ್ವಾಧಿಕಾರಿ ಸಿಗುವುದಿಲ್ಲ. ಇರುವುದು ಬರೀ ಸಚಿವಾಲಯ, ಅದರ ಶಾಖೆಗಳು, ಶಾಖೆಗಳ ಫಾರಮ್ಮುಗಳು, ಮತ್ತು ಮನೆಮನೆಯ ಗೋಡೆಯೊಳಗೆ ಗುಡುಗುಡು ಅನ್ನುವ ಕೊಳವೆಗಳು.

ಕಥೆ ಶುರುವಾಗುವುದು ಒಂದು ಹುಳದಿಂದ. ವಾರಂಟು ಅಚ್ಚಾಗುತ್ತಿರುವ ಕೋಣೆಯಲ್ಲಿ ಒಬ್ಬ ನೌಕರ ಚಾವಣಿಯ ಮೇಲೆ ಕೂತ ಹುಳವನ್ನು ಹೊಡೆಯುತ್ತಾನೆ. ಅದು ಯಂತ್ರದೊಳಕ್ಕೆ ಬಿದ್ದು, ‘ಟಟಲ್’ ಎಂದು ಅಚ್ಚಾಗಬೇಕಾದ ಹೆಸರು ‘ಬಟಲ್’ ಎಂದು ಅಚ್ಚಾಗುತ್ತದೆ. ಟಟಲ್ ಅನ್ನುವವನು ಸರ್ಕಾರಕ್ಕೆ ಬೇಕಾದ ಅಪರಾಧಿ. ಅವನ ಅಪರಾಧವೇನು? ಕೆಟ್ಟುಹೋದ ಕೊಳವೆಗಳನ್ನು ಅರ್ಜಿ ಇಲ್ಲದೆ, ಮಂಜೂರಾತಿ ಇಲ್ಲದೆ ರಾತ್ರೋರಾತ್ರಿ ರಿಪೇರಿ ಮಾಡಿಕೊಟ್ಟು ಹಗ್ಗ ಹಿಡಿದು ಮಾಯವಾಗುವುದು. ರಾಬರ್ಟ್ ಡಿ ನಿರೋ ಆ ಪಾತ್ರದಲ್ಲಿ ಇದ್ದಾನೆ. ಬಟಲ್ ಒಬ್ಬ ಬಡಪಾಯಿ ಸಂಸಾರಸ್ಥ. ಕ್ರಿಸ್‌ಮಸ್ ಸಮಯ, ಹೆಂಡತಿ ಮಕ್ಕಳ ಜೊತೆ ಕೂತಿದ್ದಾನೆ. ಪೊಲೀಸರು ಬಾಗಿಲು ತಟ್ಟುವುದಿಲ್ಲ. ಮೇಲಿನ ಮನೆಯ ನೆಲವನ್ನು ವೃತ್ತಾಕಾರವಾಗಿ ಕೊರೆದು ಇವನ ಚಾವಣಿಯಿಂದ ಇಳಿಯುತ್ತಾರೆ. ಅವನನ್ನು ಚೀಲದಲ್ಲಿ ತುಂಬುತ್ತಾರೆ. ಆಮೇಲೆ ಒಬ್ಬ ಅಧಿಕಾರಿ ಬಂದು ಹೆಂಡತಿಯಿಂದ ರುಜು ಹಾಕಿಸಿಕೊಂಡು ಗಂಡನನ್ನು ಒಯ್ದದ್ದಕ್ಕೆ ಒಂದು ರಸೀದಿ ಕೊಡುತ್ತಾನೆ. ಆ ರಸೀದಿ ಮುಟ್ಟಿದ್ದಕ್ಕೆ ಅವಳ ಹತ್ತಿರ ಇನ್ನೊಂದು ರಸೀದಿ ಪಡೆಯುತ್ತಾನೆ.

“ಭಲೇ” ಅಂದರು ಮಾವ. ಅದು ಟೀಕೆಯೋ ಮೆಚ್ಚುಗೆಯೋ ನನಗೆ ತಿಳಿಯಲಿಲ್ಲ.

ಮುಂದೆ ಚಾವಣಿಯ ತೂತು ಮುಚ್ಚಲು ಇಬ್ಬರು ಬರುತ್ತಾರೆ. ತಂದ ಮುಚ್ಚಳದ ಅಳತೆ ಹೊಂದುವುದಿಲ್ಲ, ಅಳತೆಯ ಪದ್ಧತಿ ಬದಲಾದದ್ದು ಅವರಿಗೆ ಯಾರೂ ತಿಳಿಸಿಲ್ಲ. ಅತ್ತ ಕಚೇರಿಯಲ್ಲಿ ನೂರಾರು ಗುಮಾಸ್ತರು ಕಾಗದ ಹಿಡಿದು ಓಡಾಡುತ್ತಾರೆ. ಸಾಹೇಬ ಕೋಣೆಯ ಬಾಗಿಲು ಹಾಕಿಕೊಂಡ ಕೂಡಲೇ ಎಲ್ಲರ ಪುಟ್ಟ ಪರದೆಗಳಲ್ಲೂ ಹಳೆಯ ಸಿನಿಮಾ ಶುರು. ಬಾಗಿಲು ತೆಗೆದರೆ ಮತ್ತೆ ಕೆಲಸ. ಸಾಹೇಬನಿಗೆ ಅನುಮಾನ, ಬಾಗಿಲು ತೆಗೆಯುತ್ತಾನೆ, ಹಾಕುತ್ತಾನೆ, ಇಣುಕುತ್ತಾನೆ. ಇಡೀ ದೇಶವನ್ನೇ ಕಾಯುವ ಕಚೇರಿ ತನ್ನ ಗುಮಾಸ್ತರನ್ನೇ ಕಾಯಲಾರದೆ ಒದ್ದಾಡುವುದನ್ನು ಗಿಲಿಯಮ್ ಎಷ್ಟು ಸಂತೋಷದಿಂದ ತೋರಿಸುತ್ತಾನೆ ಅಂದರೆ, ಯಾವತ್ತೋ ಅವನೂ ಒಂದು ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದ್ದಿರಬೇಕು.

ನಾಯಕ ಸ್ಯಾಮ್ ಲೌರಿ ಬಡ್ತಿ ಸಿಕ್ಕಿ ಹೊಸ ಕೋಣೆಗೆ ಹೋದರೆ ಅಲ್ಲಿ ಅರ್ಧ ಮೇಜು. ಉಳಿದರ್ಧ ಗೋಡೆಯ ಆಚೆ ಬದಿಯವನಿಗೆ. ಅವನು ಅತ್ತ ಎಳೆದರೆ ಇವನ ಕಡತ ಬೀಳುತ್ತದೆ, ಇವನು ಇತ್ತ ಎಳೆದರೆ ಅವನ ಪೆನ್ನು. ಈ ದೃಶ್ಯಕ್ಕೆ ಮಾವ ನಕ್ಕ ನಗು ಪಕ್ಕದ ಮನೆಗೂ ಕೇಳಿಸಿತು. ಒಂದೇ ಮೇಜಿನ ಮುಂದೆ ಮೂವರು ಕೇಸ್ ವರ್ಕರುಗಳು ಕೂತಿದ್ದ ಕಾಲ ಅವರಿಗೆ ಗೊತ್ತು.

ಆಮೇಲೆ ಅವರು ತಮ್ಮ ಸಿದ್ಧಾಂತ ಮಂಡಿಸಿದರು. “ನೋಡು, ನೀವೆಲ್ಲ ಸರ್ಕಾರಿ ಕಚೇರಿ ನಿಧಾನ ಅಂತ ಬೈತೀರಿ. ಆ ನಿಧಾನವೇ ಪ್ರಜೆಗಳಿಗೆ ರಕ್ಷಣೆ. ಕಡತ ಬೇಗ ಬೇಗ ಓಡಿದ್ರೆ ಒಬ್ಬನೂ ಉಳೀತಿರಲಿಲ್ಲ.” ಲೂಕಾಸನ ಸಿನಿಮಾ ಅವರ ಪಕ್ಷಕ್ಕೆ ಸಾಕ್ಷಿ. ಮಾತು ಚೆನ್ನಾಗಿದೆ, ಬರೆದುಕೊಳ್ಳುವ ಹಾಗಿದೆ. ಆದರೆ ಬಟಲ್ ಏನಾದ? ವಿಚಾರಣೆಯಲ್ಲಿ ಸತ್ತ. ಅವನು ಬೇರೆಯವನು ಅಂತ ಗೊತ್ತಾದ ಮೇಲೆ ಕಚೇರಿಗೆ ಬಂದ ತಲೆನೋವು ಇದು: ಅವನ ವಿಚಾರಣೆಯ ಖರ್ಚನ್ನು ಅವನಿಂದಲೇ ವಸೂಲು ಮಾಡಲಾಗಿದೆ, ಬೇರೊಬ್ಬನ ಲೆಕ್ಕದ ಹಣ, ಈಗ ಚೆಕ್ಕು ಬರೆದು ಹಿಂದಿರುಗಿಸಬೇಕು. ಸ್ಯಾಮ್ ಆ ಚೆಕ್ಕನ್ನು ಹಿಡಿದುಕೊಂಡು ವಿಧವೆಯ ಮನೆಗೆ ಹೋಗುತ್ತಾನೆ. ಅವಳು ಚೆಕ್ಕು ಮುಟ್ಟುವುದಿಲ್ಲ, ಗಂಡನ ಹೆಣ ಎಲ್ಲಿ ಅಂತ ಕೇಳುತ್ತಾಳೆ. ಸ್ಯಾಮ್‌ಗೆ ಉತ್ತರ ಗೊತ್ತಿಲ್ಲ, ಅದು ಬೇರೆ ಶಾಖೆಯ ವಿಷಯ.

“ತಿದ್ದೋಲೆ ಹೊರಡಿಸಬೇಕಿತ್ತು” ಅಂದರು ಮಾವ, ಸ್ವಲ್ಪ ಹೊತ್ತು ಬಿಟ್ಟು. ಸತ್ತವನಿಗೆ ಎಂಥ ತಿದ್ದೋಲೆ ಮಾವ ಅಂದೆ. ಕಾಫಿ ತಣ್ಣಗಾಯಿತು ಅಂತ ಅತ್ತೆಯನ್ನು ಕೂಗಿದರು.

ಈ ಸಿನಿಮಾಕ್ಕೆ ಆದ ಗತಿಯೂ ಸಿನಿಮಾದ ಹಾಗೇ ಇದೆ. ಅಮೆರಿಕದ ವಿತರಕರಾದ ಯೂನಿವರ್ಸಲ್ ಸ್ಟುಡಿಯೋದವರಿಗೆ ಅಂತ್ಯ ಹಿಡಿಸಲಿಲ್ಲ, ಸುಖಾಂತ ಮಾಡಿಕೊಡು ಅಂದರು. ತಾವೇ 94 ನಿಮಿಷದ ಒಂದು ಪ್ರತಿ ಕತ್ತರಿಸಿಕೊಂಡರು. ಗಿಲಿಯಮ್ ‘ವೆರೈಟಿ’ ಪತ್ರಿಕೆಯಲ್ಲಿ ಇಡೀ ಪುಟ ಕೊಂಡುಕೊಂಡು, ನನ್ನ ಸಿನಿಮಾ ಯಾವಾಗ ಬಿಡುಗಡೆ ಮಾಡುತ್ತೀರಿ ಅಂತ ಸ್ಟುಡಿಯೋದ ಮುಖ್ಯಸ್ಥನ ಹೆಸರು ಹಿಡಿದು ಕೇಳಿದ. ಲಾಸ್ ಏಂಜಲೀಸಿನ ವಿಮರ್ಶಕರು ಇನ್ನೂ ಬಿಡುಗಡೆಯೇ ಆಗದ ಅದಕ್ಕೆ ವರ್ಷದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಕೊಟ್ಟರು. ಆಗ ಕಡತ ಚಲಿಸಿತು.

ಇದೆಲ್ಲ ಉತ್ಪ್ರೇಕ್ಷೆ ಅನ್ನುವವರು ಪೂರ್ವ ಜರ್ಮನಿಯ ಸ್ಟಾಸಿಯ ಲೆಕ್ಕ ನೋಡಬೇಕು. 1989ರಲ್ಲಿ ಆ ಗುಪ್ತ ಪೊಲೀಸ್ ಇಲಾಖೆಗೆ ಸುಮಾರು 91,000 ಪೂರ್ಣಾವಧಿ ನೌಕರರಿದ್ದರು, ಅವರ ಜೊತೆಗೆ ಸುಮಾರು 1,89,000 ಗುಟ್ಟಿನ ಬಾತ್ಮೀದಾರರು. ಕಾಯಬೇಕಾದ ಜನಸಂಖ್ಯೆ ಒಂದೂಮುಕ್ಕಾಲು ಕೋಟಿಯೂ ಇರಲಿಲ್ಲ. ಅವರು ಬಿಟ್ಟುಹೋದ ಕಡತಗಳನ್ನು ಸಾಲಾಗಿ ನಿಲ್ಲಿಸಿದರೆ 111 ಕಿಲೋಮೀಟರ್. ಬೆಂಗಳೂರಿನಿಂದ ಹೊರಟರೆ ಮಂಡ್ಯ ದಾಟುತ್ತದೆ. ಇಷ್ಟು ಬರೆದಿಟ್ಟವರಿಗೆ ಬರ್ಲಿನ್ ಗೋಡೆ ಬೀಳುವುದು ಮಾತ್ರ ಯಾವ ಕಡತದಲ್ಲೂ ಮೊದಲೇ ಸಿಗಲಿಲ್ಲ. ಆ ಅಂಕಿಗಳನ್ನು ಕೇಳಿ ಮಾವ ಒಂದೇ ಪ್ರಶ್ನೆ ಕೇಳಿದರು: ಇಂಡೆಕ್ಸ್ ಯಾರು ಮಾಡ್ತಿದ್ರು?

ಸ್ಪೀಲ್‌ಬರ್ಗನ ‘ಮೈನಾರಿಟಿ ರಿಪೋರ್ಟ್’ (2002) ಬಂದಾಗ ಎಲ್ಲರೂ ಅದರ ಯಂತ್ರಗಳಿಗೆ ಮರುಳಾದರು. 2054ರ ವಾಷಿಂಗ್ಟನ್, ಕೊಲೆ ಆಗುವ ಮೊದಲೇ ಕೊಲೆಗಾರನನ್ನು ಹಿಡಿಯುವ ಇಲಾಖೆ. ನೀರಿನಲ್ಲಿ ಮಲಗಿದ ಮೂವರು ಭವಿಷ್ಯ ಕಾಣುತ್ತಾರೆ, ಕೊಲ್ಲುವವನ ಹೆಸರು ಮರದ ಗೋಲಿಯ ಮೇಲೆ ಕೆತ್ತಿಕೊಂಡು ಉರುಳಿ ಬರುತ್ತದೆ. ಮರವೇ ಯಾಕೆ? ಒಂದು ಮರದ ತುಂಡಿನ ಗೆರೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ನಕಲು ಮಾಡಲಾಗದು. ಮಾವ ಇದಕ್ಕೆ ತಲೆದೂಗಿದರು. ಬೀದಿಯಲ್ಲಿ ಜಾಹೀರಾತುಗಳು ಕಣ್ಣಿನ ಪಾಪೆ ಓದಿ ಹೆಸರು ಹಿಡಿದು ಕರೆಯುತ್ತವೆ. ಜೇಡದಂಥ ಪುಟ್ಟ ಯಂತ್ರಗಳು ಬಾಡಿಗೆ ಮನೆಗಳಿಗೆ ನುಗ್ಗಿ ಎಲ್ಲರ ಕಣ್ಣು ಪರೀಕ್ಷಿಸುತ್ತವೆ. ಒಂದು ಕೋಣೆಯಲ್ಲಿ ಗಂಡ ಹೆಂಡತಿ ಜಗಳ ಕಾದಿದ್ದಾರೆ. ಜೇಡ ಬಂತು, ಜಗಳ ನಿಲ್ಲಿಸಿ ಕಣ್ಣು ತೋರಿಸಿದರು, ಜೇಡ ಹೋಯಿತು, ಬಿಟ್ಟಲ್ಲಿಂದ ಜಗಳ ಮುಂದುವರಿಸಿದರು. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ ಭವಿಷ್ಯವಾಣಿ ಇದು. ಗೇಟಿನಲ್ಲಿ, ಅಂಗಡಿಯಲ್ಲಿ, ವಿಮಾನ ನಿಲ್ದಾಣದಲ್ಲಿ ನಾವು ಫೋನಿನ ಮಾತನ್ನೂ ನಿಲ್ಲಿಸದೆ ಮುಖ ತೋರಿಸಿ ಮುಂದೆ ಹೋಗುತ್ತಿಲ್ಲವೇ?

ಇರಲಿ, ನಾನು ಹೇಳಹೊರಟದ್ದು ಆ ಇಲಾಖೆಯ ಆಡಳಿತದ ಬಗ್ಗೆ. ನಾಯಕ ಟಾಮ್ ಕ್ರೂಸ್ ಆ ಇಲಾಖೆಯವನೇ, ಅವನ ಹೆಸರಿನ ಗೋಲಿಯೇ ಉರುಳಿ ಬಂದು ತಲೆತಪ್ಪಿಸಿಕೊಳ್ಳುತ್ತಾನೆ. ಕಣ್ಣು ಬದಲಾಯಿಸಿಕೊಂಡು, ಹಳೆಯ ಕಣ್ಣುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿರುತ್ತಾನೆ. ಇಡೀ ನಗರ ಹುಡುಕುತ್ತಿರುವ ಮನುಷ್ಯನ ಆ ಕಣ್ಣನ್ನು ಕಚೇರಿಯ ಬಾಗಿಲಿಗೆ ಹಿಡಿದರೆ ಬಾಗಿಲು ತೆರೆದುಕೊಳ್ಳುತ್ತದೆ! ಅವನನ್ನು ಹಿಡಿದು ಸೆರೆಗೆ ಹಾಕಿದ ಮೇಲೂ, ಅವನ ಹೆಂಡತಿ ಅದೇ ಕಣ್ಣಿನಿಂದ ಸೆರೆಮನೆಯ ಬಾಗಿಲು ತೆರೆಯುತ್ತಾಳೆ. ನಾಳೆ ಆಗುವ ಕೊಲೆ ಇವತ್ತೇ ಗೊತ್ತಾಗುವ ಇಲಾಖೆಗೆ, ಅಮಾನತಾದವನ ಪ್ರವೇಶ ರದ್ದು ಮಾಡಬೇಕು ಅನ್ನುವುದು ಗೊತ್ತಾಗಲಿಲ್ಲ. ಅಮೆರಿಕದ ಪ್ರೇಕ್ಷಕರು ಇದನ್ನು ಕಥೆಯ ದೋಷ ಅನ್ನುತ್ತಾರೆ. ಮಾವನಿಗೆ ಅದರಲ್ಲಿ ದೋಷವೇ ಕಾಣಲಿಲ್ಲ. “ಚಾರ್ಜ್ ಹಸ್ತಾಂತರ ಆಗಿಲ್ಲ, ಬೀಗದ ಕೈ ಅವನ ಹತ್ರಾನೇ ಇರುತ್ತೆ. ಎಲ್ಲಾ ಕಡೆ ಹಂಗೇ.”

ಆ ಕಥೆಯ ನಿಜವಾದ ಕೊಲೆಯನ್ನು ಮುಚ್ಚಿಹಾಕಿದ್ದೂ ಒಂದು ಗುಮಾಸ್ತಿಕೆಯ ಅಭ್ಯಾಸ. ಭವಿಷ್ಯ ಕಾಣುವವರಿಗೆ ಕೆಲವು ಸಲ ಅದೇ ದೃಶ್ಯ ಮತ್ತೆ ಕಾಣುತ್ತದೆ, ಅಂಥ ನಕಲನ್ನು ನೌಕರರು ಅಳಿಸಿಹಾಕುತ್ತಾರೆ. ಇದನ್ನು ಬಲ್ಲ ಇಲಾಖೆಯ ಮುಖ್ಯಸ್ಥ ಒಬ್ಬನಿಂದ ಕೊಲೆಯ ಯತ್ನ ಮಾಡಿಸಿ, ಅವನನ್ನು ಪೊಲೀಸರು ಹಿಡಿದುಕೊಂಡು ಹೋದ ಮೇಲೆ, ತಾನು ಥೇಟ್ ಅದೇ ರೀತಿ ಕೊಲ್ಲುತ್ತಾನೆ. ನೌಕರರು ನಕಲು ಪ್ರತಿ ಅಂದುಕೊಂಡು ಅಳಿಸುತ್ತಾರೆ. ಮೂವರಲ್ಲಿ ಒಬ್ಬರು ಬೇರೆ ಭವಿಷ್ಯ ಕಂಡರೆ ಆ ಭಿನ್ನ ವರದಿಯನ್ನೂ ಇಲಾಖೆ ನಾಶ ಮಾಡುತ್ತದೆ, ಇಲ್ಲದಿದ್ದರೆ ಜನರಿಗೆ ನಂಬಿಕೆ ಹೋದೀತು ಅಂತ. ಯಂತ್ರ ಎಷ್ಟೇ ಹೊಸದಿರಲಿ, ಒಪ್ಪದ ಟಿಪ್ಪಣಿಯನ್ನು ಕಡತದಿಂದ ಕಿತ್ತುಹಾಕುವ ಕಲೆ ಬಹಳ ಹಳೆಯದು.

ಇನ್ನುಳಿದವನ್ನು ಬೇಗ ಮುಗಿಸುತ್ತೇನೆ. ‘ಡೆಮಾಲಿಷನ್ ಮ್ಯಾನ್’ನಲ್ಲಿ (1993) ಕೆಟ್ಟ ಮಾತಾಡಿದರೆ ಗೋಡೆಯ ಯಂತ್ರ ಕೂಡಲೇ ದಂಡದ ಚೀಟಿ ಉಗುಳುತ್ತದೆ. ಕಥೆ ನಡೆಯುವ ಭವಿಷ್ಯದ ಕಾಲದ ಶೌಚಾಲಯದಲ್ಲಿ ಕಾಗದ ಇಡುವುದಿಲ್ಲ ಅಂತ ತಿಳಿದ ನಾಯಕ ಸ್ಟಲೋನ್ ಯಂತ್ರದ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದು, ಬೇಕಾದಷ್ಟು ಚೀಟಿ ಸಂಪಾದಿಸಿಕೊಂಡು ಒಳಗೆ ಹೋಗುತ್ತಾನೆ. ನಾಗರಿಕ ಅಸಹಕಾರಕ್ಕೆ ಇದಕ್ಕಿಂತ ಉಪಯುಕ್ತ ಮಾರ್ಗ ಗಾಂಧೀಜಿಗೂ ಹೊಳೆದಿರಲಿಲ್ಲ. ‘ದ ಟ್ರೂಮನ್ ಶೋ’ದಲ್ಲಿ (1998) ತನಗೇ ತಿಳಿಯದೆ ಟೀವಿ ಕಾರ್ಯಕ್ರಮದ ಸೆಟ್ಟಿನೊಳಗೆ ಬದುಕುವ ಒಬ್ಬನನ್ನು ಕಾಯಲು ಸುಮಾರು 5,000 ಕ್ಯಾಮೆರಾ, ಆದರೂ ಆಕಾಶದಿಂದ ಸ್ಟುಡಿಯೋ ದೀಪ ಕಳಚಿ ರಸ್ತೆಗೆ ಬೀಳುತ್ತದೆ, ಮಳೆ ಅವನೊಬ್ಬನ ತಲೆಯ ಮೇಲೆ ಮಾತ್ರ ಸುರಿಯುತ್ತದೆ. ಮುಂದಿನ ವರ್ಷವೇ ಹಾಲೆಂಡಿನಲ್ಲಿ ‘ಬಿಗ್ ಬ್ರದರ್’ ಟೀವಿ ಕಾರ್ಯಕ್ರಮ ಶುರುವಾಯಿತು. 2013ರಲ್ಲಿ ಅದು ಕನ್ನಡಕ್ಕೂ ‘ಬಿಗ್ ಬಾಸ್’ ಆಗಿ ಬಂತು. ಈಗ ಕ್ಯಾಮೆರಾ ಮುಂದೆ ಕೂರಲು ಜನ ಸಾಲುಗಟ್ಟಿದ್ದಾರೆ, ಅತ್ತೆ ಅದರ ಕಾಯಂ ವೀಕ್ಷಕಿ. ಒಂಬತ್ತೂವರೆಗೆ ಟೀವಿ ಅವರದು. ಹಾಗಾಗಿ ನಮ್ಮ ಸಿನಿಮಾಗಳೆಲ್ಲ ಅದಕ್ಕೆ ಮುಂಚೆ ಮುಗಿಯಬೇಕು.

ಮಾವನ ಸಿದ್ಧಾಂತಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು 1970ರ ‘ಕೊಲೊಸಸ್: ದ ಫೋರ್ಬಿನ್ ಪ್ರಾಜೆಕ್ಟ್’. ಹೆಚ್ಚು ಜನ ನೋಡಿಲ್ಲದ ಸಿನಿಮಾ. ಅಮೆರಿಕದ ಅಣ್ವಸ್ತ್ರಗಳನ್ನೆಲ್ಲ ಬೆಟ್ಟದೊಳಗಿನ ಒಂದು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅದು ರಷ್ಯದ ಕಂಪ್ಯೂಟರಿನೊಂದಿಗೆ ಸೇರಿಕೊಂಡು ಮನುಷ್ಯರನ್ನೇ ಆಳಲು ಶುರು ಮಾಡುತ್ತದೆ. ತನ್ನನ್ನು ನಿರ್ಮಿಸಿದ ಡಾಕ್ಟರ್ ಫೋರ್ಬಿನ್ ಮೇಲೆ ಹಗಲೂ ರಾತ್ರಿ ಕ್ಯಾಮೆರಾ ಇಡುತ್ತದೆ. ಹೊರಗಿನವರಿಗೆ ಗುಟ್ಟಿನ ಸಂದೇಶ ಕಳಿಸಬೇಕಲ್ಲ? ಸಹೋದ್ಯೋಗಿಯೊಬ್ಬಳು ತನ್ನ ಪ್ರೇಯಸಿ, ಅವಳೊಂದಿಗಿನ ರಾತ್ರಿಗಳಿಗೆ ಏಕಾಂತ ಬೇಕು ಅಂತ ಅವನು ಕಂಪ್ಯೂಟರಿಗೆ ಮನವಿ ಸಲ್ಲಿಸುತ್ತಾನೆ. ವಾರಕ್ಕೆ ಎಷ್ಟು ರಾತ್ರಿ ಅಂತ ಕಂಪ್ಯೂಟರು ಕೇಳುತ್ತದೆ. ಪ್ರತಿ ರಾತ್ರಿ ಅನ್ನುತ್ತಾನೆ. ನಾನು ಕೇಳಿದ್ದು ಆಸೆ ಎಷ್ಟು ಅಂತಲ್ಲ, ಅಗತ್ಯ ಎಷ್ಟು ಅಂತ, ಅನ್ನುತ್ತದೆ ಯಂತ್ರ. ಚೌಕಾಸಿ ನಾಲ್ಕಕ್ಕೆ ಇತ್ಯರ್ಥವಾಗುತ್ತದೆ. ಊಟಕ್ಕೆ ಮುಂಚೆ ಅವನು ಮದ್ಯ ಬೆರೆಸಿಕೊಂಡರೆ, ಪ್ರಮಾಣ ತಪ್ಪಾಯಿತು ಅಂತ ಅದಕ್ಕೂ ಷರಾ ಬರೆಯುತ್ತದೆ.

ಮಾವ ನಗಲಿಲ್ಲ. ಈ ಯಂತ್ರಕ್ಕೆ ವರ್ಗಾವಣೆ ಇಲ್ಲ, ಊಟದ ಬಿಡುವಿಲ್ಲ, ಮಾರ್ಚ್ ಕೊನೆ ಇಲ್ಲ, ಮಗಳ ಮದುವೆ ಇಲ್ಲ. ಕಡತ ಕೈಜಾರಿ ಬೀರುವಿನ ಹಿಂದೆ ಬೀಳುವುದಿಲ್ಲ. ಶೇ 6 ಮೀರಿತು ಅಂತ ಅದು ಯಾರನ್ನೂ ಬಿಡುವುದಿಲ್ಲ, ನೋಡುವುದಕ್ಕೆ ಅದಕ್ಕೆ ಖರ್ಚೇ ಇಲ್ಲ. ಸ್ಟಾಸಿಗೆ ಬೇಕಾಗಿದ್ದ ಆ 91,000 ಸಂಬಳದ ಪಟ್ಟಿ ಈಗ ಬೇಕಿಲ್ಲ. ಮಾವನ ಜೇಬಿನಲ್ಲಿರುವ ಫೋನು ಅವರು ಎಲ್ಲಿ ಹೋದರು, ಯಾರಿಗೆ ಮಾತಾಡಿದರು, ಮಂಡಿನೋವಿಗೆ ಯಾವ ಎಣ್ಣೆ ಹುಡುಕಿದರು ಅನ್ನುವುದನ್ನೆಲ್ಲ ಸಂಬಳವಿಲ್ಲದೆ ಬರೆದಿಟ್ಟುಕೊಳ್ಳುತ್ತದೆ, ಎಣ್ಣೆಯ ಜಾಹೀರಾತು ಸಂಜೆಗೇ ಬರುತ್ತದೆ. ತಪ್ಪು ಬರೆದುಕೊಂಡರೆ? ಬಟಲ್‌ನ ಹೆಂಡತಿಗೆ ಕೇಳುವುದಕ್ಕೆ ಒಬ್ಬ ಸ್ಯಾಮ್ ಆದರೂ ಮನೆಗೆ ಬಂದಿದ್ದ, ಚೆಕ್ಕು ಹಿಡಿದುಕೊಂಡು.

ಹೀಗೆ ಮಾವನ ಪಕ್ಷ ಸೋಲುತ್ತಿರುವಾಗ ‘ಗಟ್ಟಾಕ’ (1997) ನೋಡಿದೆವು. ಇಲ್ಲಿ ಜನರನ್ನು ಅಳೆಯುವುದು ವಂಶವಾಹಿಯಿಂದ. ಹುಟ್ಟುವ ಮೊದಲೇ ತಿದ್ದಿಸಿಕೊಂಡವರಿಗೆ ಒಳ್ಳೆಯ ಕೆಲಸ, ಹಾಗೇ ಹುಟ್ಟಿದವರಿಗೆ ಕಸಬರಿಗೆ. ಹಾಗೇ ಹುಟ್ಟಿದ ವಿನ್ಸೆಂಟ್‌ಗೆ ಆಕಾಶಯಾನದ ಹುಚ್ಚು. ಇನ್ನೊಬ್ಬನ ಹೆಸರಿನಲ್ಲಿ, ಇನ್ನೊಬ್ಬನ ರಕ್ತ ಮತ್ತು ಮೂತ್ರ ಕಟ್ಟಿಕೊಂಡು ಸಂಸ್ಥೆಯೊಳಗೆ ಸೇರಿದ್ದಾನೆ. ದಿನಾ ಬೆಳಿಗ್ಗೆ ಒಂದು ಕೂದಲು, ಒಂದು ಹೊಟ್ಟು ಎಲ್ಲೂ ಉದುರದ ಹಾಗೆ ಮೈ ಉಜ್ಜಿಕೊಳ್ಳುತ್ತಾನೆ. ರಾಕೆಟ್ಟು ಹತ್ತಲು ಹೊರಟ ದಿನ, ಮೊದಲೇ ತಿಳಿಸದೆ, ಇನ್ನೊಂದು ಪರೀಕ್ಷೆ. ಕೈಯಲ್ಲಿ ಕಟ್ಟಿಕೊಂಡು ಬಂದದ್ದು ಏನೂ ಇಲ್ಲ, ತನ್ನದನ್ನೇ ಕೊಡುತ್ತಾನೆ. ಪರೀಕ್ಷೆ ಮಾಡುವವನು ಡಾಕ್ಟರ್ ಲಮಾರ್, ಅಷ್ಟೂ ದಿನ ಅವನ ಮಾದರಿ ತೆಗೆದುಕೊಳ್ಳುತ್ತಿದ್ದ ನೌಕರ. ಯಂತ್ರ ಸರಿಯಾಗಿ ಹೇಳುತ್ತದೆ: ಇವನು ಅವನಲ್ಲ, ಅನರ್ಹ. ಲಮಾರ್ ಪರದೆಯ ಕಡೆ ನೋಡದೆ ತನ್ನ ಮಗನ ವಿಷಯ ಮಾತಾಡುತ್ತಾನೆ. ಆ ಮಗು, ತಿದ್ದಿಸಿ ಹುಟ್ಟಿಸಿದ್ದರೂ, ಅವರು ಮಾತು ಕೊಟ್ಟ ಹಾಗೆ ಆಗಿಲ್ಲವಂತೆ. ಆಮೇಲೆ ಬಲಗೈಯವರು ಮೂತ್ರ ಹುಯ್ಯುವಾಗ ಎಡಗೈಯಲ್ಲಿ ಹಿಡಿದುಕೊಳ್ಳುವುದಿಲ್ಲ, ಮುಂದಕ್ಕೆ ನೆನಪಿರಲಿ ಅನ್ನುತ್ತಾನೆ. ಅಂದರೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ಗುಂಡಿ ಒತ್ತುತ್ತಾನೆ, ಪರದೆಯ ಮೇಲೆ ‘ಅರ್ಹ’ ಅಂತ ಬರುತ್ತದೆ, ವಿನ್ಸೆಂಟನನ್ನು ಅವನ ನಿಜವಾದ ಹೆಸರಿನಿಂದ ಕರೆದು, ಹೊತ್ತಾಗುತ್ತದೆ ಹೊರಡು ಅನ್ನುತ್ತಾನೆ.

ಮಾವ ಕುರ್ಚಿಯಿಂದ ಅರ್ಧ ಎದ್ದಿದ್ದರು. ಒಂಬತ್ತೂವರೆ ಆಗಿತ್ತು, ಅತ್ತೆ ರಿಮೋಟಿಗೆ ಕೈ ಚಾಚಿ ನಿಂತಿದ್ದರು.

“ಒಂದು ನಿಮಿಷ ತಡಿಯೇ” ಅಂದು ಮಾವ ನನ್ನ ಕಡೆ ತಿರುಗಿದರು. “ಆ ಡಾಕ್ಟರಿಗೆ ಆಮೇಲೆ ಇಲಾಖಾ ವಿಚಾರಣೆ ಆಯ್ತೇನೋ?”

ಸಿನಿಮಾದಲ್ಲಿ ಅದನ್ನು ತೋರಿಸಿಲ್ಲ ಮಾವ ಅಂದೆ.

“ಆಗಿರುತ್ತೆ. ಪಿಂಚಣಿ ತಡೆಹಿಡಿದಿರ್ತಾರೆ” ಅಂದರು.